ಏಪ್ರನ್ ಒಳಗಿನ ಚೂರು

ಶನಿವಾರ, 4 ಮಾರ್ಚ್ 1882. ಸಂಜೆ.

ಇವತ್ತು ನಮ್ಮ ಕೈಗವಸಿನ ಫ್ಯಾಕ್ಟರಿ ಗೇಟಿನಲ್ಲಿ ಹೊಲಿಗೆ ಕೋಣೆಯ ಅಷ್ಟೂ ಹೆಂಗಸರ ಏಪ್ರನ್ ಬಿಚ್ಚಿಸಿ ಮೈ ತಡಕಿದರು. ಕಳ್ಳಿಯರೆಂದು. ಇದು ಅನ್ಯಾಯ. ಇದಕ್ಕೆ ಇನ್ನೊಂದು ಹೆಸರಿಲ್ಲ.

ಸೂಪು ಬಿಸಿಗಿಟ್ಟು ಬಂದು ಕೂತಿದ್ದೇನೆ. ಕ್ರಮವಾಗಿ ಬರೆಯಬೇಕು. ಮುಂದೊಂದು ದಿನ ಪೊಲೀಸರು ಈ ನೋಟ್‌ಬುಕ್ ಕಿತ್ತುಕೊಂಡರೆ ಅವರಿಗಾದರೂ ಅರ್ಥವಾಗಲಿ.

ಕಾರಣ ಒಬ್ಬ ಕಾದಂಬರಿಕಾರ. ಎವರಿಸ್ಟ್ ಲೊರ್ಮೊ. ಕಂಡದ್ದನ್ನು ಮಾತ್ರ ಬರೆಯುವವನು ಎಂದು ಪ್ಯಾರಿಸ್ಸಿನಲ್ಲಿ ಹೆಸರಂತೆ. ಜನವರಿಯಲ್ಲಿ ಒಂದು ಶನಿವಾರ ನಮ್ಮ ಮೊಂಬ್ರೆಲ್ ಊರಿಗೆ ಬಂದು, ಗೇಟಿನ ಎದುರು ಕೊಡೆ ಹಿಡಿದು ನಿಂತು, ಏನೋ ಗೀಚಿಕೊಂಡು ಹೋದ. ಈಗ ಅವನ ‘ಚರ್ಮದ ಬೀದಿ’ ಪ್ಯಾರಿಸ್ಸಿನ ಪತ್ರಿಕೆಯಲ್ಲಿ ದಿನಕ್ಕೊಂದು ಕಂತಿನಂತೆ ಬರುತ್ತಿದೆ. ಮೊನ್ನೆಯ ಕಂತಿನಲ್ಲಿ, ಕೈಗವಸು ಹೊಲಿಯುವ ಹೆಂಗಸರು ಶನಿವಾರ ಸಂಜೆ ಮೇಕೆಮರಿ ಚರ್ಮದ ಚೂರುಗಳನ್ನು ಏಪ್ರನ್ ಒಳಗೆ ಅಡಗಿಸಿಕೊಂಡು ಮನೆಗೆ ಹೋಗುತ್ತಾರೆ. ಅವರ ನಾಯಕಿಗೆ ಗಲ್ಲದ ಮೇಲೆ ನರಹುಲಿ, ಗಾಡಿ ಹೊಡೆಯುವವನ ನಗು. ಅಂದರೆ ನಮ್ಮ ಓನೊರಿನಮ್ಮ. ಕುರುಡನೂ ಹೇಳಿಯಾನು.

ಧಣಿ ಫುರ್ಕೆ — ಚಿಕ್ಕವನು, ಪ್ಯಾರಿಸ್ಸಿನಲ್ಲಿ ಬೆಳೆದವನು, ಅಪ್ಪ ಸತ್ತ ಮೇಲೆ ಬಂದು ಕುರ್ಚಿಯಲ್ಲಿ ಕೂತವನು — ಆ ಪುಟವನ್ನು ಗೇಟಿಗೆ ಅಂಟಿಸಿದ್ದಾನೆ. ಬೆಳಿಗ್ಗೆ ಓನೊರಿನಮ್ಮನನ್ನು ಕೆಲಸದಿಂದ ತೆಗೆದ. ಮೂವತ್ತನಾಲ್ಕು ವರ್ಷ ದುಡಿದವಳು.

ಚೂರು ಹೋಗುವುದು ನಿಜ. ಕಳವು ಸುಳ್ಳು. ಕೋಣೆಯಲ್ಲಿ ಯಾರಾದರೂ ಬಸುರಿಯಾದರೆ ಉಳಿದವರು ತಮ್ಮ ಹೊಲಿಗೆಯಲ್ಲಿ ಮಿಕ್ಕ ಒಂದೊಂದು ಚೂರು ಕೊಡುತ್ತಾರೆ. ಹೆಬ್ಬೆರಳಗಲ. ಒಬ್ಬರಿಗೆ ಒಂದೇ. ಎಲ್ಲ ಸೇರಿಸಿ ಮಗುವಿಗೆ ಒಂದು ಜೊತೆ ಕೈಗವಸು. ಚರ್ಚಿನಲ್ಲಿ ಹೆಸರಿಡುವ ದೀಕ್ಷಾಸ್ನಾನದವರೆಗೆ ತಾಯಿ ಅದನ್ನು ನೋಡಬಾರದು, ಅದರ ಸುದ್ದಿಯೂ ಅವಳ ಕಿವಿಗೆ ಬೀಳಬಾರದು. ಬಿದ್ದರೆ ಮಗುವಿಗೆ ಆಗಿಬರುವುದಿಲ್ಲ ಎಂದು ನಂಬಿಕೆ. ಅದಕ್ಕೇ ಏಪ್ರನ್ ಒಳಗೆ. ಸತ್ತ ಧಣಿಗೆ ಎಲ್ಲ ಗೊತ್ತಿತ್ತು. ತಾನೂ ಒಂದು ಚೂರು ಆರಿಸಿ ಕೊಡುತ್ತಿದ್ದನಂತೆ.

ಈ ಸಲ ಬಸುರಿ ಮೆಲಾನಿ. ಹೋದ ವರ್ಷ ಬೇರೆ ಊರಿನಿಂದ ಮದುವೆಯಾಗಿ ಬಂದವಳು. ಅವಳು ಬಂದ ಮೇಲೆ ಇದೇ ಮೊದಲ ಬಸಿರು, ಹಾಗಾಗಿ ಅವಳಿಗೆ ಈ ಪದ್ಧತಿಯೇ ಗೊತ್ತಿಲ್ಲ. ಇಪ್ಪತ್ತಮೂರು ಚೂರಿನಲ್ಲಿ ಹದಿನಾಲ್ಕು ಆಗಲೇ ಓನೊರಿನಮ್ಮನ ಡಬ್ಬಿ ಸೇರಿವೆ. ಒಂಬತ್ತು ಬಾಕಿ. ತಪಾಸಣೆ ಶುರುವಾಯಿತು.

ಓನೊರಿನಮ್ಮ ಧಣಿಗೆ ಗುಟ್ಟಾಗಿ ಹೇಳಿದಳಂತೆ. ಅವನು ನಕ್ಕು, ಹಾಗಾದರೆ ಆ ಬಸುರಿಯನ್ನೇ ಕರೆದು ಕೇಳೋಣ ಎಂದ. ಅವಳು ಬಾಯಿ ಮುಚ್ಚಿಕೊಂಡಳು. ಕೆಲಸ ಹೋದದ್ದು ಹಾಗೆ.

ಗೇಟಿನಲ್ಲಿ ಮೆಲಾನಿ ನನ್ನ ತೋಳು ಹಿಡಿದು ಕೇಳಿದಳು: “ನೀವೆಲ್ಲ ನಿಜವಾಗ್ಲೂ ಕದೀತೀರೇನೇ?”

ನಾಲಿಗೆ ಕಚ್ಚಿಕೊಂಡೆ. ಶುಭ ಅಶುಭ ನಾನು ನಂಬುವವಳಲ್ಲ. ಆದರೆ ಓನೊರಿನಮ್ಮ ಮೊದಲೇ ಹೇಳಿಬಿಟ್ಟಿದ್ದಾಳೆ — “ಬಾಯಿ ಬಿಟ್ಟೀಯ, ನಿನ್ ತುಟೀನೇ ಹೊಲ್ದ್‌ಬಿಡ್ತೀನಿ, ಕರಪತ್ರ.”

ಕರಪತ್ರ ಅಂದರೆ ನಾನು, ಜೇಬಿನಲ್ಲಿ ಸದಾ ಕಾರ್ಮಿಕರ ಹಕ್ಕಿನ ಕರಪತ್ರ ಇಟ್ಟುಕೊಳ್ಳುವುದಕ್ಕೆ. ಲಿಯೊಂತಿನ್ ಬಾಸ್ತಿದ್ ಎಂದು ಕರೆಯುವವರು ಈಗ ಯಾರೂ ಉಳಿದಿಲ್ಲ.

ಸೂಪು ಉಕ್ಕಿತು —

ಭಾನುವಾರ, 5 ಮಾರ್ಚ್.

ಲೊರ್ಮೊಗೆ ಪತ್ರ. ಹನ್ನೊಂದು ಪುಟ. ‘ನ್ಯಾಯ’ ಮೂವತ್ತು ಸಲ ಬಂದಿದೆ. ನಾಲ್ಕು ಕರಪತ್ರಗಳಿಂದ ಸಾಲು ಎತ್ತಿ ಹಾಕಿದೆ. ಚೂರಿನ ಗುಟ್ಟು ಬರೆಯಲಿಲ್ಲ — ಅದನ್ನೂ ಅಚ್ಚು ಹಾಕಿಸಿಬಿಟ್ಟರೆ? ಓದಿದರೆ ಮನುಷ್ಯ ಊಟ ಬಿಡಬೇಕು. ಪೋಸ್ಟು ಮಾಡಿ ಬಂದೆ.

ಭಾನುವಾರ, 19 ಮಾರ್ಚ್.

ಉತ್ತರವಿಲ್ಲ. ಹೋದ ವಾರ ಎರಡನೆಯ ಪತ್ರ ಹಾಕಿದೆ, ಇನ್ನೂ ಖಾರವಾಗಿ. ಅದಕ್ಕೂ ಇಲ್ಲ. ಊಟ ಬಿಟ್ಟ ಹಾಗೆ ಕಾಣುವುದಿಲ್ಲ.

ಮಧ್ಯಾಹ್ನ ಓನೊರಿನಮ್ಮನ ಮನೆ. ಅವಳಿಗೆ ಓದು ಬಾರದು. ಕಂತುಗಳನ್ನು ಓದಿ ಹೇಳು ಎಂದು ಹಠ. ಕಾದಂಬರಿ ಎನ್ನುವುದು ಉಳ್ಳವರು ಬಡವರಿಗೆ ನೆಕ್ಕಿಸುವ ಸಕ್ಕರೆ ಎಂದು ನನ್ನ ಹಸಿರು ರಟ್ಟಿನ ಕರಪತ್ರದಲ್ಲಿದೆ. ಓದಬಾರದು. ಓದಿದೆ. ಚೆನ್ನಾಗಿದೆ. ನಾಚಿಕೆಯಾಯಿತು.

ಓನೊರಿನಮ್ಮನಿಗೆ ನಾಚಿಕೆಯೇ ಇಲ್ಲ. ಕಳ್ಳಿಯ ನಗು ಬರುವ ಸಾಲನ್ನು ಮೂರು ಸಲ ಓದಿಸಿದಳು. “ನನ್ ನಗೂನ ಸರ್ಯಾಗೇ ಹಿಡ್ದವ್ನೆ, ಪಾಪ,” ಎಂದು ಅದೇ ನಗು ನಕ್ಕಳು. ಪಕ್ಕದ ಮನೆಯ ನಾಯಿ ಬೊಗಳಿತು.

ಆಮೇಲೆ ತಪ್ಪು ಹುಡುಕಲು ಶುರು. ಹೊಲಿಯುವವಳ ಸೂಜಿ ದುಂಡಗಿದೆ ಎಂದು ಬರೆದಿದ್ದಾನೆ. ಚರ್ಮದ ಸೂಜಿಗೆ ಮೂರು ಮೂಲೆ. ಇನ್ನೊಂದು ಕಡೆ ಬಡ ಹೆಂಗಸು ಮಕ್ಕಳಿಗೆ ಮೊಟ್ಟೆಯ ಹಳದಿ ಬೇಯಿಸಿ ಹಾಕುತ್ತಾಳೆ. ಈ ಊರಿನಲ್ಲಿ ಹಳದಿ ಕಂಡ ಬಡವರು ಯಾರು? ಹಳದಿಯೆಲ್ಲ ಚರ್ಮ ಹದಮಾಡುವ ತೊಟ್ಟಿಗೆ. ಬಿಳಿ ನಮಗೆ. ಅದಕ್ಕೇ ನಮ್ಮ ಬೀದಿಯಲ್ಲಿ ಬ್ರೆಡ್ಡು ಇಲ್ಲದ ಮನೆಯಲ್ಲೂ ಮೆರಿಂಗು ಇರುತ್ತದೆ — ಬಿಳಿಗೆ ಸಕ್ಕರೆ ಹಾಕಿ ಕಡೆದು ಸುಟ್ಟದ್ದು, ಬೆಟ್ಟದಷ್ಟು.

“ಇಷ್ಟೂ ತಿಳೀದೋನು ನನ್ನ ಕಳ್ಳಿ ಅಂದ್ನಲ್ಲ,” ಎಂದಳು. ನಗು ನಿಂತಿತ್ತು. ಕೈಯಲ್ಲಿ ಚೂರಿನ ಡಬ್ಬಿ.

ಆಗ ಹೊಳೆಯಿತು.

ಭಾನುವಾರ, 26 ಮಾರ್ಚ್.

ಮೂರನೆಯ ಪತ್ರ. ಅರ್ಧ ಪುಟ. ‘ನ್ಯಾಯ’ ಒಂದು ಸಲವೂ ಇಲ್ಲ. “ಮೊಸ್ಯೂ, ನಿಮ್ಮ ಕಾದಂಬರಿಯಲ್ಲಿ ಈವರೆಗೆ ಎಂಟು ತಪ್ಪುಗಳಿವೆ.” ಏಳನ್ನು ಬರೆದೆ. ಎಂಟನೆಯದು ಶನಿವಾರದ ಏಪ್ರನ್. ಅದನ್ನು ಎದುರಿಗೆ ಬಂದರೆ ಮಾತ್ರ ಹೇಳುತ್ತೇನೆ ಎಂದು ಮುಗಿಸಿದೆ.

ಗುರುವಾರ, 30 ಮಾರ್ಚ್.

ಬಂದ!

ಮಧ್ಯಾಹ್ನ ಊಟದ ಗಂಟೆ ಹೊಡೆದು ಹೊರಗೆ ಬಂದರೆ, ಅದೇ ಜಾಗ, ಅದೇ ಕೊಡೆ. ದಪ್ಪ ಮನುಷ್ಯ. ಐವತ್ತು ದಾಟಿದೆ. ಅಂಗಿಯ ತೋಳಿಗೆಲ್ಲ ಶಾಯಿ. ಬೆಳಗಿನ ಮೊದಲ ರೈಲಿಗೆ ಬಂದನಂತೆ. ನಮಸ್ಕಾರ ಇಲ್ಲ, ಏನಿಲ್ಲ.

“ಮಾದ್ಮುವಾಸೆಲ್ ಬಾಸ್ತಿದ್ ನೀವೇನಾ? ಸೂಜಿಗೆ ಮೂರು ಮೂಲೆ ಇರೋದು ಖಚಿತಾನಾ?”

ಏಪ್ರನ್ನಿಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದು ಕೊಟ್ಟೆ. ಬೆರಳಿನಲ್ಲಿ ಹೊರಳಿಸಿದ. ಚುಚ್ಚಿಕೊಂಡ. ರಕ್ತ ಬಂತು. ಮುಖ ಅರಳಿತು — ಇಂಥ ಮನುಷ್ಯನನ್ನು ನಾನು ನೋಡಿಲ್ಲ.

ಮೊದಲಿನ ಎರಡು ಪತ್ರ ತಲುಪಿಲ್ಲವೇ ಎಂದು ಕೇಳಿದೆ. ತಲುಪಿವೆಯಂತೆ. ಕಾಗದ ದಪ್ಪಗಿತ್ತು, ಹಿಂಬದಿಯಲ್ಲಿ ಟಿಪ್ಪಣಿ ಬರೆದುಕೊಂಡನಂತೆ. ನೀತಿ ಹೇಳುವ ಪತ್ರ ದಿನಕ್ಕೆ ಹತ್ತು ಬರುತ್ತವೆ, ತಪ್ಪು ಹೇಳುವ ಪತ್ರ ವರ್ಷಕ್ಕೊಂದು ಬಂದರೆ ಹೆಚ್ಚು ಎಂದ. ನನ್ನ ಹನ್ನೊಂದು ಪುಟ!

ಭಾನುವಾರ, 2 ಏಪ್ರಿಲ್.

ಓನೊರಿನಮ್ಮನ ಅಡುಗೆಮನೆ. ತಾನು ಕಳ್ಳಿ ಎಂದು ಬರೆದ ಹೆಂಗಸಿನ ಎದುರು ಲೊರ್ಮೊ. ನರಹುಲಿ ನೋಡಿದ, ನೆಲ ನೋಡಿದ. ಅವಳು ಸೂಪು ಬಡಿಸಿದಳು, ಮೇಲೆ ಆರು ಮೆರಿಂಗು. ತಿಂದು ಮುಗಿಸುವವರೆಗೆ ಬಿಡಲಿಲ್ಲ. ಆಮೇಲೆ ಡಬ್ಬಿ ತೆಗೆದು ಉಳಿದ ಚೂರುಗಳನ್ನು ಮೇಜಿನ ಮೇಲೆ ಹರಡಿದಳು. ಎಡಗೈಯ ಗವಸು ಆಗಲೇ ಅರ್ಧ ಆಗಿತ್ತು, ಆಕ್ರೋಟಿನಷ್ಟು ದೊಡ್ಡದು. ಎಲ್ಲ ಹೇಳಿದಳು.

ಅವನು ನೋಟ್‌ಬುಕ್ ಮುಚ್ಚಿದ. ಕಿವಿ ಕೆಂಪಗಾದವು.

“ಅವತ್ತು ಅರ್ಧ ಗಂಟೆ ನಿಂತಿದ್ದೆ. ಮಳೆ. ರೈಲಿಗೆ ಹೊತ್ತಾಗ್ತಿತ್ತು. ಕಣ್ಣಿಗೆ ಬಿದ್ದಿದ್ದನ್ನ ಬರೆದೆ. ಯಾರನ್ನೂ ಕೇಳ್ಲಿಲ್ಲ.”

“ಕೇಳಿದ್ರೆ ಹೇಳ್ತಿರ್ಲಿಲ್ಲ ಬುಡಿ,” ಎಂದಳು ಓನೊರಿನಮ್ಮ.

ನಾಳೆಯೇ ಪತ್ರಿಕೆಗೆ ಬರೆಯುತ್ತೇನೆ ಎಂದ. ಅವಳು ಸೌಟು ಎತ್ತಿದಳು. ಮೆಲಾನಿಯ ಗಂಡ ಪತ್ರಿಕೆಯನ್ನು ಬೀದಿಗೆಲ್ಲ ಕೇಳುವ ಹಾಗೆ ಓದುತ್ತಾನೆ. ದೀಕ್ಷಾಸ್ನಾನಕ್ಕೆ ಮೊದಲು ಒಂದಕ್ಷರ ಬರಕೂಡದು. ಮಗು ಹುಟ್ಟುವುದೇ ಮೇ ತಿಂಗಳ ಎರಡನೇ ವಾರ. ಕಾದಂಬರಿ ಮುಗಿಯುವುದು ಏಪ್ರಿಲ್ ಮೂವತ್ತಕ್ಕೆ. ಮುಗಿದ ಕಥೆಗೆ ತಿದ್ದುಪಡಿ ಹಾಕಿದರೆ ಯಾರು ಓದುತ್ತಾರೆ? ಕಥೆಯ ಒಳಗೇ ಬರಬೇಕು. ಗೇಟಿನ ಮೇಲಿರುವುದೂ ಕಥೆಯ ಪುಟವೇ.

“ಹಾಗಾದ್ರೆ ಕಥೆ ಎಳೀಬೇಕು,” ಎಂದ. ಹಲ್ಲುನೋವಿನವನ ಮುಖ. ಬೇಡದ ಒಂದು ಸಾಲನ್ನೂ ಈವರೆಗೆ ಬರೆದವನಲ್ಲವಂತೆ. ದಿನಕ್ಕೆ ಒಂದೇ ಪುಟ, ಬೆಳಿಗ್ಗೆ ಐದರಿಂದ ಮಧ್ಯಾಹ್ನದವರೆಗೆ. ಅವನ ಅಕ್ಕ ಪ್ರತಿ ಮಾಡಿ ಕೊಡುತ್ತಾಳೆ, ಜಾಸ್ತಿ ಎನಿಸಿದ ಪದಕ್ಕೆ ಗೆರೆ ಹೊಡೆಯುತ್ತಾಳೆ. ಇನ್ನು ಎರಡು ವಾರದ ಪದಗಳು ಜಾಸ್ತಿ ಆಗಬೇಕು. ಅಕ್ಕನಿಗೆ ಏನು ಹೇಳುವುದೆಂಬ ಚಿಂತೆ.

ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಕೋಣೆ ಹಿಡಿದಿದ್ದಾನೆ.

ಮಂಗಳವಾರ, 11 ಏಪ್ರಿಲ್.

ಈಸ್ಟರ್ ರಜೆ ಮುಗಿಯಿತು. ನಿನ್ನೆಯ ಕಥೆ ಬರೆಯದಿದ್ದರೆ ಪಾಪ ಬರುತ್ತದೆ.

ಅವನ ಕೋಣೆಗೆ ಹೋಗಿದ್ದೆ, ಓನೊರಿನಮ್ಮನ ಜೊತೆ. (ಒಬ್ಬಳೇ ಹೋಗಬಾರದಂತೆ. ಈ ಕಟ್ಟುಪಾಡಿನ ಬಗ್ಗೆ ಬೇರೆ ದಿನ ಬರೆಯುತ್ತೇನೆ.) ಗೋಡೆ ತುಂಬ ನಮ್ಮ ಬೀದಿಯ ನಕ್ಷೆ. ಬಾವಿ, ತೊಟ್ಟಿ, ಯಾರ ಮನೆ ಬಾಗಿಲು ಯಾವ ಕಡೆ. ಅಪ್ಪ ಭೂಮಿ ಅಳೆಯುವ ಕೆಲಸದವನಂತೆ. ತಾನು ನಡೆದು ನೋಡದ ಬೀದಿಯ ಬಗ್ಗೆ ಇವನು ಬರೆಯುವುದಿಲ್ಲ. ಮದುವೆ ಯಾಕೆ ಆಗಲಿಲ್ಲ ಎಂದು ಓನೊರಿನಮ್ಮ ಕೇಳಿಯೇಬಿಟ್ಟಳು. ಬೀದಿಗಳು ಬಹಳ ಇದ್ದವು, ಹೊತ್ತಾಗಲಿಲ್ಲ ಎಂದ.

ಈಗ ಎಳೆಯುವ ಕಂತು. ಕಥೆಯ ಬಸುರಿ ಫ್ಯಾಕ್ಟರಿಯಿಂದ ಮನೆಗೆ ನಡೆದು ಹೋಗುತ್ತಾಳೆ, ಅಷ್ಟೇ. ಅದಕ್ಕೆ ಮೂರು ಕಂತು. ಬಸುರಿಗೆ ಆ ಏರು ಹತ್ತಲು ಎಷ್ಟು ನಿಮಿಷ ಬೇಕು, ಎಲ್ಲೆಲ್ಲಿ ನಿಲ್ಲುತ್ತಾಳೆ, ಅವನಿಗೆ ತಿಳಿಯಬೇಕು. ಮೆಲಾನಿಯನ್ನು ಕೇಳುವ ಹಾಗಿಲ್ಲ. ಓನೊರಿನಮ್ಮ ಒಂದು ಬೂಸಾ ಚೀಲ ತಂದು ಅವನ ಹೊಟ್ಟೆಗೆ ಕಟ್ಟಿದಳು. ಮೇಲೆ ಕೋಟು. ಕೈಯಲ್ಲಿ ಗಡಿಯಾರ. ಹೊರಟ.

ಇಡೀ ಬೀದಿ ಬಾಗಿಲಿಗೆ ಬಂತು. ಚರ್ಮ ತೊಳೆಯುವವರು ಕೈಯೆತ್ತಿ ಎಷ್ಟು ತಿಂಗಳು ಮೊಸ್ಯೂ ಎಂದರು. ಏಳು ಎಂದು ಗಂಭೀರವಾಗಿ ಉತ್ತರಿಸಿ ಬರೆದುಕೊಂಡ. ಬಾವಿಯ ಹತ್ತಿರ ನಿಂತು ಸೊಂಟ ಹಿಡಿದುಕೊಂಡ — ನಟನೆಯಲ್ಲ, ನಿಜವಾಗಿ. ಮೆಲಾನಿಯೇ ಎದುರು ಬಂದಳು, ತನ್ನ ನಿಜವಾದ ಹೊಟ್ಟೆ ಹೊತ್ತುಕೊಂಡು. ಇಬ್ಬರೂ ಒಬ್ಬರನ್ನೊಬ್ಬರು ಮೇಲಿಂದ ಕೆಳಗೆ ನೋಡಿದರು.

“ಹಿಂದಕ್ಕೆ ಬಾಗಿ ನಡೀಬೇಕು, ಮೊಸ್ಯೂ,” ಎಂದಳು ಮೆಲಾನಿ. “ಹೀಗೆ.” ಕಾರಣ ಕೇಳಲಿಲ್ಲ. ಪ್ಯಾರಿಸ್ಸಿನವರಿಗೆ ಕಾರಣ ಬೇಕಿಲ್ಲ ಎಂದುಕೊಂಡಿರಬೇಕು. ತೋಳು ಹಿಡಿದು ಏರು ಹತ್ತಿಸಿದಳು. ನಾನು ಗೋಡೆಗೆ ಒರಗಿ ಅತ್ತೆ, ನಕ್ಕು ನಕ್ಕು.

ಹದಿನೆಂಟು ನಿಮಿಷ. ಐದು ನಿಲುಗಡೆ.

ಸೋಮವಾರ, 17 ಏಪ್ರಿಲ್.

ಗೇಟಿನಲ್ಲಿ ತಪಾಸಣೆ ದಿನಾ ನಡೆದಿದೆ. ಒಂಬತ್ತು ಚೂರು ಒಳಗೇ, ನನ್ನ ಮೇಜಿನ ಕಾಲಿನ ಸಂದಿಯಲ್ಲಿ. ಬಲಗೈಯ ಗವಸು ಆಗುವುದು ಹೇಗೆ? ಮುಷ್ಕರ ಹೂಡಬೇಕು ಎಂದೆ. ಓನೊರಿನಮ್ಮ, ಮುಷ್ಕರದ ಹೊತ್ತಲ್ಲಿ ಮೆಲಾನಿ ಏನು ತಿನ್ನಬೇಕು ಎಂದು ಕೇಳಿದಳು. ಕರಪತ್ರದಲ್ಲಿ ಉತ್ತರ ಹುಡುಕುತ್ತಿದ್ದೇನೆ.

ಶನಿವಾರ, 22 ಏಪ್ರಿಲ್. ಸಂಜೆ.

ಉತ್ತರ ಕರಪತ್ರದಲ್ಲಿರಲಿಲ್ಲ. ಲೊರ್ಮೊನ ಕೋಟಿನೊಳಗೆ ಇತ್ತು.

ತನ್ನ ಫ್ಯಾಕ್ಟರಿ ಕಾದಂಬರಿಯಲ್ಲಿ ಬಂದಿದೆ ಎಂದು ಧಣಿ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾನೆ. ಲೊರ್ಮೊ ಬರುತ್ತೇನೆ ಎಂದರೆ ಬಿಡುತ್ತಾನೆಯೇ? ಮೂರು ಗಂಟೆಗೆ ತಾನೇ ಕರೆತಂದು ಕೋಣೆ ತೋರಿಸಿದ. ಲೊರ್ಮೊ ನನ್ನ ಮೇಜಿನ ಹತ್ತಿರ ಪೆನ್ಸಿಲು ಬೀಳಿಸಿದ. ಬಗ್ಗಿದ. ದಪ್ಪ ಮನುಷ್ಯ ಏಳಲು ಹೊತ್ತು ಹಿಡಿಯಿತು. ಎದ್ದಾಗ ಒಂಬತ್ತೂ ಒಳಗಂಗಿ ಸೇರಿದ್ದವು. ಮುಖದಲ್ಲಿ ಬೆವರು.

ಸಂಜೆ ಗೇಟಿನಲ್ಲಿ ನಮ್ಮ ಸಾಲು. ಪಕ್ಕದಲ್ಲೇ ಧಣಿ ಲೊರ್ಮೊನ ಹೆಗಲ ಮೇಲೆ ಕೈ ಹಾಕಿಕೊಂಡು, ನಿಮ್ಮ ಪುಸ್ತಕ ನನ್ನ ಕಣ್ಣು ತೆರೆಸಿತು ಎನ್ನುತ್ತ, ಅಂಟಿಸಿದ ಪುಟವನ್ನು ತೋರಿಸುತ್ತಿದ್ದ. ಅಲ್ಲಿ ಅಚ್ಚಾದ ಕಳವನ್ನು ಅದೇ ಗೇಟಿನಲ್ಲಿ, ಧಣಿಯ ತೋಳಿನಡಿಯಲ್ಲೇ, ಬರೆದವನೇ ಮಾಡುತ್ತಿದ್ದ. ನನ್ನ ಏಪ್ರನ್ ಬಿಚ್ಚಿಸುತ್ತಿದ್ದರು. ನಾನು ರಾಣಿಯ ಹಾಗೆ ಕೈ ಎತ್ತಿ ನಿಂತೆ. ಇಷ್ಟು ಸಂತೋಷದಿಂದ ಯಾರೂ ತಪಾಸಣೆಗೆ ಒಳಗಾಗಿರಲಾರರು.

ಓನೊರಿನಮ್ಮನ ಮನೆಯಲ್ಲಿ ಕುರ್ಚಿಗೆ ಕುಸಿದ. ಒಂಬತ್ತು ಚೂರು ಒಂದೊಂದಾಗಿ ಎಣಿಸಿ ಕೊಟ್ಟ. ನೀರು ಕೇಳಿದ.

“ಮೂವತ್ತು ವರ್ಷದಿಂದ ಕಳ್ಳರ ಎದೆ ಬಡ್ಕೊಳ್ಳತ್ತೆ ಅಂತ ಬರೀತಾ ಬಂದೆ,” ಎಂದ. “ಎದೆ ಅಲ್ಲ. ಮೊಣಕಾಲು.”

ಬರೆದುಕೊಂಡ. ಒಂಬತ್ತನೆಯ ತಪ್ಪು, ತಾನೇ ಹಿಡಿದದ್ದು.

ಬುಧವಾರ, 10 ಮೇ.

ಬಹಳ ದಿನದಿಂದ ಬರೆದಿಲ್ಲ. ಬಲಗೈಯ ಗವಸು ಹೊಲಿಯುತ್ತಿದ್ದೆವು. ಬೆರಳುಗಳು ಅಷ್ಟು ಸಣ್ಣವು, ಓನೊರಿನಮ್ಮ ಅಕ್ಕಿಕಾಳಿನ ಮೇಲೆ ಹೊಲಿದ ಹಾಗೆ ಹೊಲಿಯುತ್ತಾಳೆ, ಉಸಿರು ಹಿಡಿದು.

ನಿನ್ನೆ ಮಧ್ಯಾಹ್ನ ಮೆಲಾನಿಗೆ ಹೆಣ್ಣು ಮಗು. ಇಬ್ಬರೂ ಚೆನ್ನಾಗಿದ್ದಾರೆ. ಕೂದಲು ಕಪ್ಪು. ದೀಕ್ಷಾಸ್ನಾನ ಬರುವ ಭಾನುವಾರ.

ಪ್ಯಾರಿಸ್ಸಿನ ಪತ್ರಿಕೆಯಲ್ಲಿ ಕಥೆಯ ಬಸುರಿ ಈಗಷ್ಟೇ ಮನೆ ತಲುಪಿದ್ದಾಳೆ. ಮೂರು ಕಂತಿನ ನಡಿಗೆ ಎಂಟು ಕಂತಾಯಿತು. ಸಂಪಾದಕ ಎರಡು ತಂತಿ ಕಳಿಸಿದನಂತೆ. ಓದುಗರ ಪತ್ರಗಳೂ ಬಂದಿವೆಯಂತೆ — ಆಕೆಗೆ ಯಾರಾದರೂ ಗಾಡಿ ಕೊಡಿಸಿ ಎಂದು.

ಗುರುವಾರ, 11 ಮೇ.

ಭಾನುವಾರದ ಕಂತನ್ನು ಲೊರ್ಮೊ ನಮಗೆ ಓದಿ ಹೇಳಿದ. ಅಡುಗೆಮನೆ, ಮೆರಿಂಗು, ಒಲೆ. ಹೆಂಗಸರು ಹೊರಗೆ ತಂದ ಚೂರು ಏನಾಯಿತೆಂದು ಈ ಕಂತಿನಲ್ಲಿ ತಿಳಿಯುತ್ತದೆ. ನರಹುಲಿಯ ಹೆಂಗಸು ಕಳ್ಳಿಯಲ್ಲ. ಅವಳನ್ನು ಕಳ್ಳಿ ಎಂದುಕೊಂಡವನೊಬ್ಬ ಕಂತಿನೊಳಗೇ ಇದ್ದಾನೆ: ಗೇಟಿನ ಎದುರು ಕೊಡೆ ಹಿಡಿದು, ರೈಲಿಗೆ ಹೊತ್ತಾಯಿತೆಂದು ಗಡಿಯಾರ ನೋಡುತ್ತ, ಏನೂ ಕೇಳದೆ ಎಲ್ಲ ಬರೆದುಕೊಳ್ಳುವ ಒಬ್ಬ ದಪ್ಪ ಮನುಷ್ಯ. ಕರುಣೆ ಇಲ್ಲದೆ ಬರೆದಿದ್ದಾನೆ. ಶಾಯಿ ಮೆತ್ತಿದ ತೋಳನ್ನೂ ಬಿಟ್ಟಿಲ್ಲ.

ಓನೊರಿನಮ್ಮ ನಗಲಿಲ್ಲ. ಏಪ್ರನ್ನಿನ ತುದಿಯಿಂದ ಮೂಗು ಒರೆಸಿಕೊಂಡಳು. “ನನ್ ನರಹುಲಿ ಮಾತ್ರ ಹಂಗೇ ಮಡಿಕ್ಕೊಂಡವ್ನೆ.”

“ಅದು ಇದೆಯಲ್ಲಮ್ಮ,” ಎಂದ.

ಇಡೀ ಕಂತಿನಲ್ಲಿ ‘ನ್ಯಾಯ’ ಎಂಬ ಪದ ಒಂದು ಸಲವೂ ಇಲ್ಲ. ಜಗಳ ಆಡಿದೆ. ಅವನು ಪುಟ ನನ್ನ ಕೈಗೆ ಕೊಟ್ಟು, ಎಲ್ಲಿ ಹಾಕಬೇಕು ತೋರಿಸಿ, ಹಾಕುತ್ತೇನೆ ಎಂದ. ಒಂದು ಗಂಟೆ ಹುಡುಕಿದೆ. ಎಲ್ಲಿ ಇಟ್ಟರೂ ಅದು ಮೆರಿಂಗಿನ ಮೇಲೆ ಬಿದ್ದ ಕಲ್ಲಿನ ಹಾಗೆ ಕಾಣುತ್ತಿತ್ತು. ಪುಟ ವಾಪಸು ಕೊಟ್ಟೆ. ಅವನು ಮಡಚಿ ಜೇಬಿಗಿಟ್ಟ. ನೋಡಿದಿರಾ ಎಂದಿದ್ದರೆ ಹೊಡೆಯುತ್ತಿದ್ದೆ.

ಹಸಿರು ರಟ್ಟಿನ ಕರಪತ್ರ ಮತ್ತೆ ಓದಬೇಕು. ಸಕ್ಕರೆಯ ಪುಟ.

ಶುಕ್ರವಾರ, 12 ಮೇ. ರಾತ್ರಿ.

ಮಧ್ಯಾಹ್ನ ಊಟದ ಹೊತ್ತಿನಲ್ಲಿ ಧಣಿಯ ಕೋಣೆಗೆ ಹೋದೆ. ಲೊರ್ಮೊನ ಚೀಟಿ ಕೊಟ್ಟೆ: ಭಾನುವಾರದ ಕಂತಿನ ಪ್ರತಿ, ಕೆಳಗೆ ಎರಡು ಸಾಲು — ಭಾನುವಾರದವರೆಗೆ ಯಾರಿಗೂ ಹೇಳಬೇಡಿ, ಇದಾದ ಮೇಲೆ ಇನ್ನೂ ಮೂರು ಕಂತು ಇದೆ ಎಂದು. ಓದಿದ. ಮುಖ ಹದ ಮಾಡದ ಚರ್ಮದ ಹಾಗಾಯಿತು. ಅಪ್ಪ ಚೂರು ಆರಿಸಿ ಕೊಡುತ್ತಿದ್ದ ಮಾತು ಕಂತಿನಲ್ಲಿದೆ. ಅಲ್ಲಿ ಬೆರಳಿಟ್ಟ. ನಿಜವೇ ಎಂದು ಕೇಳಿದ. ಹೌದೆಂದೆ. ಅವನ ಮೇಲೆ ಒಂದು ಕ್ಷಣ ಮರುಕ ಬಂತು, ತಡೆದೆ.

“ಇನ್ನೂ ಮೂರು ಕಂತು ಇದೆಯಂತಲ್ಲ,” ಎಂದ. “ಅದ್ರಲ್ಲಿ ಧಣಿ ಏನ್ ಮಾಡ್ತಾನೆ?”

“ಇನ್ನೂ ಬರೆದಿಲ್ಲ, ಮೊಸ್ಯೂ. ಕಂಡದ್ದನ್ನ ಮಾತ್ರ ಬರೆಯೋದು ಅವರು. ಭಾನುವಾರ ಚರ್ಚಿನ ಮೆಟ್ಟಿಲ ಹತ್ರ ನೋಟ್‌ಬುಕ್ ಹಿಡ್ಕೊಂಡು ನಿಂತಿರ್ತಾರೆ.”

ಇದು ನಾನೇ ಹೇಳಿದ ಮಾತು. ಯಾವ ಕರಪತ್ರದ್ದೂ ಅಲ್ಲ.

ಸಂಜೆ ಗೇಟಿನಲ್ಲಿ ತಪಾಸಣೆ ಇರಲಿಲ್ಲ. ಪುಟ ಇದ್ದ ಕಡೆ ಅಂಟಿನ ಗುರುತು ಮಾತ್ರ.

ಶನಿವಾರ, 13 ಮೇ. ಸಂಜೆ ಆರು.

ಧಣಿ ಆಳು ಕಳಿಸಿದ್ದ. ಓನೊರಿನಮ್ಮನನ್ನು ಸೋಮವಾರದಿಂದ ಕೆಲಸಕ್ಕೆ ಬಾ ಎಂದು. ಅವಳು ಹೇಳಿ ಕಳಿಸಿದಳು: ಕಳ್ಳಿ ಅಂದಿದ್ದು ಊರ ಎದುರಿಗೆ, ಬಾ ಅನ್ನೋದೂ ಊರ ಎದುರಿಗೇ. ಆಳು ಹೋಗಿ ಬಂದ. ಧಣಿ ಒಪ್ಪಿದ್ದಾನೆ.

ಕೈಗವಸು ಮುಗಿಯಿತು. ಇಪ್ಪತ್ತಮೂರು ಚೂರು, ಇಪ್ಪತ್ತಮೂರು ಬಣ್ಣ. ಮಣಿಕಟ್ಟಿನ ಒಳಗೆ, ಯಾರಿಗೂ ಕಾಣದ ಕಡೆ, ಒಂದು ಹೊಲಿಗೆ ಸೊಟ್ಟಗಿದೆ. ಅದು ಲೊರ್ಮೊ ಹಾಕಿದ್ದು. ಮೂರು ಮೂಲೆಯ ಸೂಜಿಯಲ್ಲಿ. ಬಿಚ್ಚೋಣವೇ ಎಂದು ಕೇಳಿದೆ. ಓನೊರಿನಮ್ಮ ಬೇಡ ಎಂದಳು.

ಕೊಡುವವಳು ನಾನೇ ಅಂತೆ. ಉಳಿದವರೆಲ್ಲ ಸೇರಿ ತೀರ್ಮಾನಿಸಿದ್ದಾರೆ. ಕೋಣೆಯಲ್ಲಿ ಎಲ್ಲರಿಗಿಂತ ದೊಡ್ಡ ಬಾಯಿಯವಳು ಎರಡು ತಿಂಗಳು ಬಾಯಿ ಮುಚ್ಚಿಕೊಂಡಿದ್ದಕ್ಕೆ. ಹದಿನಾರನೇ ವಯಸ್ಸಿನಿಂದ ನಾನು ಚರ್ಚಿನ ಒಳಗೆ ಕಾಲಿಟ್ಟಿಲ್ಲ, ತತ್ವದ ಪ್ರಶ್ನೆ ಎಂದೆ. ಮೆಟ್ಟಿಲ ಮೇಲೆ ಕೊಟ್ಟರಾಯಿತು, ಪಾದ್ರಿಯನ್ನು ಕೇಳಿದ್ದಾಗಿದೆ ಎಂದರು.

ನಾಳೆ ಭಾನುವಾರ, ಹದಿನಾಲ್ಕು. ಹತ್ತು ಗಂಟೆಗೆ ಚರ್ಚಿನ ಒಳಗೆ ದೀಕ್ಷಾಸ್ನಾನ, ಅದೇ ಹೊತ್ತಿನ ರೈಲಿಗೆ ಪತ್ರಿಕೆ. ಹನ್ನೊಂದಕ್ಕೆ ಸರಿಯಾಗಿ ಚರ್ಚಿನ ಮೆಟ್ಟಿಲು. ಮೆಲಾನಿ, ಮಗು, ಧಣಿ, ಓನೊರಿನಮ್ಮ, ಕೊಡೆಯವನು, ನಾವೆಲ್ಲ. ನಾನು ಮೂರನೇ ಮೆಟ್ಟಿಲಿಗಿಂತ ಮೇಲೆ ಹೋಗುವುದಿಲ್ಲ. ನಾಲ್ಕನೆಯದರವರೆಗೆ ಬೇಕಾದರೆ —